ಸಾಲಿನಲ್ಲಿ ನಿಂತ ತಂಗಿ

ಉಳಿದ ತರಕಾರಿಯನ್ನು ಕಸದ ಗಾಡಿಗೆ ಸುರಿಯುವುದು ದೊಡ್ಡಕ್ಕನಿಗೆ ಎಂದೂ ಒಗ್ಗಿದ್ದಿಲ್ಲ. ಬೀದಿಯ ಮೂಲೆಯಲ್ಲಿ ಅವಳ ತರಕಾರಿ ಅಂಗಡಿ; ಚಿಕ್ಕವರು ದೊಡ್ಡವರೆನ್ನದೆ ಬೀದಿಗೆಲ್ಲ ಅವಳು ದೊಡ್ಡಕ್ಕ. ನೂಲಿನ ಗಿರಣಿ ಮುಚ್ಚಿದ ವರ್ಷ ಎಷ್ಟೋ ಮನೆಗಳಲ್ಲಿ ಒಲೆ ಉರಿಯುವುದು ಒಂದೇ ಹೊತ್ತು ಎಂದು ತಿಳಿದಾಗ, ಬಾಡಲಿರುವ ಸೊಪ್ಪು, ಮೆತ್ತಗಾದ ಟೊಮೇಟೊ, ಸೊಟ್ಟಗಿದೆಯೆಂದು ಯಾರೂ ಮುಟ್ಟದ ಕ್ಯಾರೆಟ್ಟು ಎಲ್ಲವನ್ನೂ ಬುಟ್ಟಿಗೆ ತುಂಬಿ ಪಕ್ಕದ ಟೈಲರ್ ಅಂಗಡಿಯ ಜಗಲಿಯ ಮೇಲಿಟ್ಟಳು. ಬೇಕಾದವರು ಒಯ್ಯಲಿ ಎಂದಳು. ಅದನ್ನು ನೋಡಿ ಬೇರೆ ಅಂಗಡಿಯವರೂ ಸಂಜೆ ತಂದು ಸುರಿಯತೊಡಗಿದರು. ಜನ ಹೆಚ್ಚಾಗಿ ಸಾಲುಗಟ್ಟಿದಾಗ ದೊಡ್ಡಕ್ಕನೇ ನಿಂತು ಎಲ್ಲರ ಚೀಲಕ್ಕೂ ಹಂಚತೊಡಗಿದಳು.

"ನನ್ನ ಜಗಲಿ ಮೇಲೆ ಬಟ್ಟೆಗಿಂತ ಬದನೆಕಾಯೇ ಜಾಸ್ತಿ ಆಯ್ತಲ್ಲಮ್ಮ! ನಾಳೆ ಯಾರಾದ್ರೂ ಸೋರೆಕಾಯಿಗೆ ಅಂಗಿ ಹೊಲಿ ಅಂದ್ರೆ?" ಎಂದ ಮುದುಕ ಟೈಲರ್.

"ಹೇಗೂ ಕೈಯಿಲ್ಲ, ತೋಳು ಬಿಟ್ಟು ಹೊಲ್ದುಬಿಡಿ ಮಾವ."

ಎಲ್ಲರಿಗೂ ಗೊತ್ತಿದ್ದೂ ಯಾರೂ ಆಡದ ಸಂಗತಿಯೊಂದಿತ್ತು. ದೊಡ್ಡಕ್ಕನ ಒಡಹುಟ್ಟಿದ ತಂಗಿ ಹಿಂದಿನ ಬೀದಿಯಲ್ಲೇ ಇದ್ದಳು. ಅವಳೂ ಗಂಡನೂ ಅದೇ ಗಿರಣಿಯಲ್ಲಿ ದುಡಿದವರು. ತಾಯಿ ಹಾಸಿಗೆ ಹಿಡಿದಿದ್ದಾಗ ತಂಗಿ ಅಪರೂಪಕ್ಕೆ ಬಂದು ಬಾಗಿಲಲ್ಲೇ ನಿಂತು ಹೋಗುತ್ತಿದ್ದಳು. ರಜೆ ಸಿಗುವುದಿಲ್ಲ ಎನ್ನುತ್ತಿದ್ದಳು. ತಾಯಿಯ ಹೇಲು ಉಚ್ಚೆ ಬಳಿದವಳು ಅಕ್ಕ. ಹೆಣದ ಮುಂದೆ ತಂಗಿ ಅಳುತ್ತ ಕೂತಾಗ, "ಬದುಕಿದ್ದಾಗ ಬಾರದವಳು ಈಗ್ಯಾಕೆ ಬಂದೆ?" ಎಂದು ಎಲ್ಲರೆದುರೇ ಕೇಳಿದ್ದಳು. ಅಂದಿನಿಂದ ಮಾತಿಲ್ಲ, ಕತೆಯಿಲ್ಲ.

"ನಿನ್ ತಂಗಿ ಮನೇಲೂ ಕಷ್ಟವಂತೆ. ಒಂದು ಚೀಲ ಕಳಿಸಬಾರ್ದಾ?" ಎಂದು ಟೈಲರ್ ಒಮ್ಮೆ ಕೇಳಿದ.

"ಇಲ್ಲಿ ಬರೋರಿಗೆ ಯಾರೂ ಅಡ್ಡ ನಿಂತಿಲ್ಲ ಮಾವ. ಹಸಿವಾದ್ರೆ ಬರ್ತಾಳೆ."

ಬಂದೇಬಂದಳು. ಒಂದು ಸಂಜೆ ಸಾಲಿನ ನಡುವೆ ತಲೆ ತಗ್ಗಿಸಿ ನಿಂತಿದ್ದವಳನ್ನು ದೊಡ್ಡಕ್ಕ ದೂರದಿಂದಲೇ ಗುರುತಿಸಿದಳು. 'ಅಕ್ಕಾ, ತಪ್ಪಾಯ್ತು' ಅನ್ನಲಿ ಸಾಕು, ಬುಟ್ಟಿ ಬಿಟ್ಟು ತಬ್ಬಿಕೊಳ್ಳುತ್ತೇನೆ ಅಂದುಕೊಂಡಳು. ತಂಗಿ ಚೀಲದ ಬಾಯಿ ಅಗಲಿಸಿ ಹಿಡಿದಳು, ಅಷ್ಟೇ. ಅವಳ ಮಣಿಕಟ್ಟು ಕಡ್ಡಿಯಾಗಿತ್ತು. ದೊಡ್ಡಕ್ಕ ಎಲ್ಲರಿಗೂ ಹಾಕಿದಷ್ಟೇ ಹಾಕಿದಳು, ಒಂದು ಎಸಳು ಸೊಪ್ಪೂ ಹೆಚ್ಚಿಲ್ಲ. ಆಮೇಲೆ ಗುರುತಿಲ್ಲದವರಿಗೆ ಹೇಳುವಂತೆ ಹೇಳಿದಳು:

"ಆಯ್ತಲ್ಲ, ಮುಂದೆ ಹೋಗಿ. ಹಿಂದೆ ಜನ ಕಾಯ್ತಿದಾರೆ."

ತಂಗಿ ತಲೆಯೆತ್ತಿದಳು. "ನನಗೇ 'ಹೋಗಿ' ಅಂದ್ಯಾ ಅಕ್ಕ? 'ತೊಲಗೇ' ಅಂದಿದ್ರೂ ಇಷ್ಟು ನೋವಾಗ್ತಿರ್ಲಿಲ್ಲ."

ಅಷ್ಟು ಹೇಳಿ ಹೊರಟೇಹೋದಳು. ಸಾಲಿನಲ್ಲಿದ್ದವರೆಲ್ಲ ನೆಲ ನೋಡಿದರು. ಬುಟ್ಟಿಗಳು ಬರಿದಾದ ಮೇಲೆ ಟೈಲರ್ ಮೆಲ್ಲಗೆ ಅಂದ: "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಇವತ್ತೇ ಹೋಗಿ ಬಾಮ್ಮ."

"ನಾಳೆ ಹೋಗ್ತೀನಿ," ಎಂದಳು ದೊಡ್ಡಕ್ಕ.

ನಾಳೆ ಲೋಡು ಬಂತು. ನಾಡಿದ್ದು ನಾಚಿಕೆಯಾಯಿತು. ಆಮೇಲೆ, ಅವಳೇ ಇನ್ನೊಮ್ಮೆ ಬರಲಿ, ಆಗ ಸರಿಮಾಡಿದರಾಯಿತು ಅನ್ನಿಸಿತು. ದಿನವೂ ಸಾಲಿನುದ್ದಕ್ಕೂ ಕಣ್ಣಾಡಿಸುತ್ತಿದ್ದಳು. ಕೊನೆಗೆ ತಡೆಯಲಾರದೆ, ಆ ಬೆಳಿಗ್ಗೆ ಬಂದ ಎಳೆ ಹುರುಳಿಕಾಯಿಯನ್ನೇ ಆರಿಸಿ ತುಂಬಿಕೊಂಡು ಹೋದಳು. ಬಾಗಿಲಿಗೆ ಬೀಗ.

"ಊರೇ ಬಿಟ್ರು," ಎಂದಳು ಪಕ್ಕದ ಮನೆಯಾಕೆ. "ಗಂಡನಿಗೆ ಎಲ್ಲೋ ವಾಚ್‌ಮನ್ ಕೆಲಸ ಸಿಕ್ತಂತೆ. ನೀವು ದೊಡ್ಡಕ್ಕ ಅಲ್ವಾ? ನೀವು ಸೊಪ್ಪು ಕಳಿಸಿದ್ರಲ್ಲ, 'ನಮ್ಮಕ್ಕ ಕಳಿಸಿದಾಳೆ' ಅಂತ ಅರ್ಧ ನನಗೇ ಕೊಟ್ಲು. ಅವರ ಮನೇಲಿ ಆವತ್ತು ಅಕ್ಕಿಯಿರ್ಲಿಲ್ಲ. ಬರೀ ಸೊಪ್ಪು ಬೇಯಿಸ್ಕೊಂಡು ತಿಂದ್ರು."

ದೊಡ್ಡಕ್ಕ ಹುರುಳಿಕಾಯಿ ಚೀಲವನ್ನು ಆಕೆಗೇ ಕೊಟ್ಟು, ತಂಗಿಯ ಫೋನ್ ನಂಬರ್ ಕೇಳಿ ಪಡೆದಳು.

"ತಪ್ಪಾಯ್ತು ಕಣೇ," ಎಂದಳು ಫೋನಿನಲ್ಲಿ. "ವಾಪಸ್ ಬಂದ್ಬಿಡು."

"ನನ್ನದೂ ತಪ್ಪಿದೆ ಅಕ್ಕ. ರಜೆ ಕೇಳಿದ್ರೆ ಸಿಗ್ತಿತ್ತು. ಅಮ್ಮನ್ನ ಆ ಸ್ಥಿತೀಲಿ ನೋಡೋ ಧೈರ್ಯ ಇರ್ಲಿಲ್ಲ, ಅಷ್ಟೇ. ಅದನ್ನ ಹೇಳೋಣ ಅಂತಾನೇ ಬಂದಿದ್ದೆ ಆವತ್ತು. ತರಕಾರಿನೂ ಬೇಕಿತ್ತು, ಸುಳ್ಳು ಯಾಕೆ ಹೇಳ್ಲಿ."

"ಹಾಗಾದ್ರೆ ಬಾರೇ..."

"ಬರ್ತೀನಿ, ಯಾವಾಗಾದ್ರೂ."

ಅವಳು ಇನ್ನೂ ಬಂದಿಲ್ಲ. ಈಗ ಜಗಲಿಯ ಮುಂದೆ ಸಾಲಿಲ್ಲ. ದೊಡ್ಡಕ್ಕ ಮಂಡಿನೋವು ಕಟ್ಟಿಕೊಂಡು, ಹೊತ್ತು ಮುಳುಗುವ ಮೊದಲೇ ಮನೆಮನೆಗೆ ಹೋಗಿ ಬಾಗಿಲ ಬಳಿ ಚೀಲ ಇಟ್ಟು ಬರುತ್ತಾಳೆ. ಭಾನುವಾರ ಅಕ್ಕತಂಗಿ ಫೋನಿನಲ್ಲಿ ಮಾತಾಡುತ್ತಾರೆ. ಸೆಕೆ, ಕಾಲುನೋವು, ಯಾರದೋ ಮದುವೆ. ಆ ಸಂಜೆಯ ಮಾತನ್ನು ಇಬ್ಬರೂ ಎತ್ತುವುದಿಲ್ಲ.