ಮಂಗಳವಾರದ ಅಯಾನುಗೋಳ

ಕುದಾಪುರದ ಆ ವಿಜ್ಞಾನ ಕ್ಯಾಂಪಸ್ಸಿನಲ್ಲಿ ಡಾಕ್ಟರ್ ಗೋವರ್ಧನರ ಎದುರು ಬಾಯಿ ಬಿಟ್ಟವರಿಗೆ ಉಳಿಗಾಲವಿರಲಿಲ್ಲ. ಉಪಗ್ರಹಗಳ ಸಂಕೇತ ಆಕಾಶದ ಮೇಲ್ಪದರವಾದ ಅಯಾನುಗೋಳವನ್ನು ದಾಟಿ ಬರುವಾಗ ಎಷ್ಟು ತಡವಾಗುತ್ತದೆ, ಎಷ್ಟು ನಡುಗುತ್ತದೆ ಎಂದು ಅಳೆಯುವುದು ಅವರ ಕೆಲಸ. ಅಳೆಯುವವಳು ರಶ್ಮಿತಾ, ಹೆಸರು ಮಾತ್ರ ಅವರದು. ಕುರಿ ಕಾಯುವವರ ಮನೆಯಿಂದ ಬಂದು ಎಂ.ಎಸ್ಸಿ. ಮುಗಿಸಿದ ಈ ಗುತ್ತಿಗೆ ಸಹಾಯಕಿ ಅವರ ಬಾಯಲ್ಲಿ ಬರೀ 'ಲೋಕಲ್ ಹುಡುಗಿ'.

ಮೂರು ತಿಂಗಳಿಂದ ವಾರಕ್ಕೊಮ್ಮೆ ಮಧ್ಯಾಹ್ನ ಸಂಕೇತ ದಬಕ್ಕನೆ ಕುಸಿಯುತ್ತಿತ್ತು. ಗೋವರ್ಧನರು ಕುಣಿದಾಡಿಬಿಟ್ಟರು. ಅಯಾನುಗೋಳದಲ್ಲಿ ಯಾರೂ ಕಾಣದ ತೂತು ಸಿಕ್ಕಿದೆಯೆಂದು ಪ್ರಬಂಧ ಬರೆದರು. ಆ ತೂತು ಪ್ರತಿ ಸಲವೂ ಮಂಗಳವಾರವೇ ಬೀಳುತ್ತಿದ್ದದ್ದು ಮಾತ್ರ ಆ ಮಹಾಮೇಧಾವಿಯ ಕಣ್ಣಿಗೆ ಬೀಳಲಿಲ್ಲ. ಮುನ್ನೂರು ಕಿಲೋಮೀಟರ್ ಎತ್ತರದ ಆಕಾಶಕ್ಕೆ ವಾರ ಹೇಳಿಕೊಟ್ಟವರು ಯಾರು ಎಂದು ಕೇಳುವಷ್ಟು ಬುದ್ಧಿಯೂ ಬೇಡವೇ? ರಶ್ಮಿತಾಳಿಗೆ ಹೇಸಿಗೆಯಾಯಿತು.

ಮುಂದಿನ ಮಂಗಳವಾರ ಊಟ ಬಿಟ್ಟು, ಸಂಕೇತ ಹಿಡಿಯುವ ಆಂಟೆನಾ ಬಳಿಗೆ ಹೋದಳು. ಅದರ ಟೋಪಿಯಂಥ ಬಿಳಿ ಮುಚ್ಚಳದ ಮೇಲೆ ಕರೀ ಕಂಬಳಿ! ಗಟ್ಟಿಯಾಗಲೆಂದು ಹುಣಸೆಬೀಜದ ಗಂಜಿ ಹಚ್ಚಿದ್ದು, ಇನ್ನೂ ತೊಟ್ಟಿಕ್ಕುತ್ತಿತ್ತು. ಒದ್ದೆ ಉಣ್ಣೆ ಸಂಕೇತವನ್ನು ಒಳಗೆ ಬಿಡದು. ಪಕ್ಕದಲ್ಲೇ ಪೊರಕೆ ಹಿಡಿದು ನಿಂತಿದ್ದವಳು ಕ್ಯಾಂಪಸ್ ಗುಡಿಸುವ ಯರ್ರಮ್ಮ, ರಶ್ಮಿತಾಳ ಅವ್ವ. ಅಪ್ಪ ಸೋಮವಾರ ಮಗ್ಗದಿಂದ ಇಳಿಸಿದ ಕಂಬಳಿಗೆ ಅವ್ವ ಮಂಗಳವಾರ ಗಂಜಿ ಹಚ್ಚುತ್ತಾಳೆ.

"ತಂತಿಬೇಲಿ ಮ್ಯಾಲೆ ಹಾಕಿದ್ರೆ ಎಳೆ ಕಿತ್ತೋಗ್ತೈತೆ ಕಣೇ. ಇದು ನುಣ್ಣಗೈತೆ, ಗಾಳೀನೂ ಚೆನ್ನಾಗಿ ಬರ್ತೈತೆ," ಎಂದಳು ಯರ್ರಮ್ಮ.

ಹೇಳಿದರೆ ಅವ್ವನ ಕೆಲಸ ಹೋಗುತ್ತದೆ, ಬಹುಶಃ ತನ್ನದೂ. ಆದರೂ ರಶ್ಮಿತಾ ಫೋಟೊ ತೆಗೆದು ನೇರ ಗೋವರ್ಧನರ ಕೋಣೆಗೆ ನಡೆದು, ಕಂಬಳಿ ತನ್ನ ಅವ್ವನದೆಂದೂ ಹೇಳಿದಳು.

ಅವರು ಫೋಟೊವನ್ನು ಹಿಗ್ಗಿಸಿ ನೋಡಿದರು. "ಯಾರಿಗಾದರೂ ಹೇಳಿದೀಯಾ?"

"ಇಲ್ಲ ಸರ್."

"ಒಳ್ಳೆಯದು. ಪ್ರಬಂಧ ಪರಿಶೀಲಿಸುವವರು ಇನ್ನೂ ನಾಲ್ಕು ವಾರದ ಅಳತೆ ಕೇಳಿದ್ದಾರೆ. ನಿನ್ನ ತಾಯಿಗೆ ಹೇಳು, ಇನ್ನು ನಾಲ್ಕು ಮಂಗಳವಾರ ಅಲ್ಲೇ ಒಣಹಾಕಲಿ. ನಿನ್ನ ಗುತ್ತಿಗೆ ನಾನು ನೋಡಿಕೊಳ್ತೇನೆ."

ಅಲ್ಲಿಯವರೆಗೆ ಅವಳು ಅವರನ್ನು ದಡ್ಡರೆಂದು ತಿಳಿದಿದ್ದಳು. ಆ ಮರ್ಯಾದೆಯೂ ಈಗ ಹೋಯಿತು.

ತನ್ನ ಮೇಜಿಗೆ ಬಂದು, ಅಳತೆಯ ಪಟ್ಟಿಯಲ್ಲಿ ಅಷ್ಟೂ ಮಂಗಳವಾರಗಳ ಮುಂದೆ 'ಆಂಟೆನಾ ಮೇಲೆ ಒದ್ದೆ ಕಂಬಳಿ' ಎಂದು ಬರೆದಳು. ಕೆಳಗೆ ತನ್ನ ಹೆಸರು ಹಾಕಿ, ಫೋಟೊ ಸಮೇತ ಪರಿಶೀಲಿಸುವವರಿಗೇ ಕಳಿಸಿದಳು. ಆಮೇಲೆ ಹೊರಗೆ ಬಂದು ಅವ್ವನಿಗೆ ನಡೆದದ್ದನ್ನೆಲ್ಲ ಹೇಳಿದಳು.

"ನಾಳೆಯಿಂದ ನಮ್ಮಿಬ್ರಿಗೂ ಇಲ್ಲಿ ಕೆಲ್ಸ ಇರಲ್ಲ ಅವ್ವ."

ಯರ್ರಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿದಳು. ಒದ್ದೆ ಕಂಬಳಿಯನ್ನು ಎಳೆದು ಹೆಗಲಿಗೆ ಹಾಕಿಕೊಂಡು, ಗೋವರ್ಧನರ ಕಿಟಕಿಯತ್ತ ತಿರುಗಿ ಥೂ ಎಂದು ಉಗಿದಳು.

"ನಡಿ. ಅವನ ಸುಳ್ಳಿಗೆ ಹೊದಿಸಾಕೆ ನಾನೇನು ಕಂಬಳಿ ಒಣಗಿಸ್ತಿಲ್ಲ."