ಅಮ್ಮನ ಪೆಟ್ಟಿಗೆ

ಶನಿವಾರ ಬಂತೆಂದರೆ ನಮ್ಮ ಕೊನೊಂಗೊ ಊರಿನ ಅರ್ಧ ಜನ ಕಪ್ಪು, ಕೆಂಪು ಬಟ್ಟೆ ಉಟ್ಟು ಯಾವುದಾದರೊಂದು ಸಾವಿನ ಮನೆಗೆ ಹೊರಟಿರುತ್ತಾರೆ. ಆ ಬಟ್ಟೆಗಳನ್ನು ಹೊಲಿಯುವವಳು ನಾನು, ಕೊನಾಡು. ಊರಿನಲ್ಲಿ ಸಾವು ಹೆಚ್ಚಿದರೆ ನನ್ನ ಹೊಲಿಗೆ ಯಂತ್ರಕ್ಕೆ ಬಿಡುವಿರುವುದಿಲ್ಲ. ಆದ್ದರಿಂದ ಸಾವಿಗೆ ದುಡ್ಡು ಸುರಿಯುವ ಈ ಪದ್ಧತಿಯ ವಿರುದ್ಧ ಬಾಯಿ ಬಿಟ್ಟರೆ ನನ್ನ ಹೊಟ್ಟೆಯ ಮೇಲೆ ನಾನೇ ಹೊಡೆದುಕೊಂಡ ಹಾಗೆ. ಆದರೂ ಹೇಳುತ್ತೇನೆ. ನಮ್ಮ ವಠಾರದ ಫೋಫಿಯೆ ಅಜ್ಜಿಯ ಮನೆಯಲ್ಲಿ ನಡೆದದ್ದನ್ನು ಕಣ್ಣಾರೆ ಕಂಡ ಮೇಲೆ ಸುಮ್ಮನಿರುವುದು ನನ್ನಿಂದಾಗದು.

ಅಜ್ಜಿಯ ಒಬ್ಬನೇ ಮಗ ಓವುಸು ಕುಮಾಸಿ ಪಟ್ಟಣದ ದಾರಿಯಲ್ಲಿ ಮಿನಿಬಸ್ಸು ಓಡಿಸುತ್ತಾನೆ. ಸೊಸೆ ಸೆರ್ವಾ ಅಕ್ಕಿ, ಅಲಸಂದೆ ಕೂಡಿಸಿ ಬೇಯಿಸಿ ಬೆಳಗ್ಗೆ ಬಸ್ ನಿಲ್ದಾಣದಲ್ಲಿ ಮಾರುತ್ತಾಳೆ. ಮೂವರು ಮಕ್ಕಳು ಶಾಲೆಗೆ ಹೋಗುತ್ತಾರೆ. ದುಡಿಮೆಯೇನೂ ಕಡಿಮೆಯಿರಲಿಲ್ಲ. ಆದರೂ ತಿಂಗಳ ಕೊನೆಗೆ ಸೆರ್ವಾ ನನ್ನ ಅಂಗಡಿಯ ಬಾಗಿಲಲ್ಲಿ ನಿಂತು, “ಅಕ್ಕಾ, ಸೋಮವಾರ ಖಂಡಿತ ಕೊಡ್ತೀನಿ,” ಎಂದು ಕೈ ಚಾಚುವುದು ತಪ್ಪುತ್ತಿರಲಿಲ್ಲ.

ಹಣ ಎಲ್ಲಿ ಹೋಗುತ್ತಿತ್ತೆಂದರೆ ಶನಿವಾರಕ್ಕೆ ಹೋಗುತ್ತಿತ್ತು. ನಮ್ಮಲ್ಲಿ ಸಾವಿನ ಶಾಮಿಯಾನದ ಕೆಳಗೆ ಒಂದು ಮೇಜು ಹಾಕಿರುತ್ತಾರೆ. ಅಲ್ಲಿ ಕಾಣಿಕೆ ಕೊಟ್ಟವರ ಹೆಸರನ್ನೂ ಮೊತ್ತವನ್ನೂ ಒಬ್ಬ ಮೈಕಿನಲ್ಲಿ ಕೂಗುತ್ತಾನೆ. ಕಡಿಮೆ ಕೊಟ್ಟವನ ಹೆಸರನ್ನೂ ಅಷ್ಟೇ ದೊಡ್ಡ ದನಿಯಲ್ಲಿ ಕೂಗುತ್ತಾನೆ. ಓವುಸುವಿಗೆ ಆ ಮೈಕು ಕಂಡರೆ ಭಯ. ಪೊಲೀಸರಿಗೂ ಅಷ್ಟು ಹೆದರಿದವನಲ್ಲ ಅವನು.

ಒಂದು ಭಾನುವಾರ ಸೆರ್ವಾ ಗಂಡನನ್ನು ಅಂಗಳದಲ್ಲಿ ಕೂರಿಸಿ ಮುಂದೆ ನಾಲ್ಕು ಹಾಲುಪುಡಿ ಡಬ್ಬಿ ಇಟ್ಟಳು. ನಾನು ಅಲ್ಲೇ ಬಟ್ಟೆ ಒಣಹಾಕುತ್ತಿದ್ದೆ.

“ಇದು ಅಂಗಡಿ ಡಬ್ಬಿ, ನಾಳೆ ಅಕ್ಕಿ ತರೋದಕ್ಕೆ. ಇದು ಊಟಕ್ಕೆ. ಇದು ಶಾಲೆಗೆ. ಇದು ಬಾಡಿಗೆ, ಕರೆಂಟು, ಮಕ್ಕಳ ಜ್ವರ. ಬಂದ ದುಡ್ಡು ಮೊದಲು ಇದರೊಳಗೆ ಹೋಗಬೇಕು. ಆಮೇಲೆ ಉಳಿದದ್ದು ನಿನ್ನ ಜೇಬಿಗೆ.”

“ಮತ್ತೆ ಸಾವಿಗೆ?”

ಸೆರ್ವಾ ಲಂಗದ ಮರೆಯಿಂದ ಟೊಮೇಟೊ ರಸದ ಪುಟ್ಟ ಡಬ್ಬಿಯೊಂದನ್ನು ತೆಗೆದಿಟ್ಟಳು. “ಸಾವಿಗೆ ಇದು. ಇದು ಖಾಲಿಯಾದ್ರೆ ಆ ತಿಂಗಳು ಯಾರು ಸತ್ತರೂ ಮನೇಲೇ ಕೂತು ಅಳೋಣ.”

ಓವುಸು ಬಿದ್ದು ಬಿದ್ದು ನಕ್ಕ. “ಇಷ್ಟು ಡಬ್ಬೀಲಿ ಯಾರ ಸಾವು ಹಿಡಿಯುತ್ತೇ?”

“ಬಡವರದ್ದು ಹಿಡಿಯುತ್ತೆ. ದೊಡ್ಡೋರ ಸಾವಿಗೆ ನಮ್ಮ ದುಡ್ಡೇನೂ ಬೇಕಾಗಿಲ್ಲ ಬಿಡು.”

ನಕ್ಕರೂ ಒಪ್ಪಿದ. ಮೊದಲ ಎರಡು ತಿಂಗಳು ಎಲ್ಲ ನೆಟ್ಟಗೆ ನಡೆಯಿತು. ಆಮೇಲೊಮ್ಮೆ ಜೊತೆಗಾರ ಚಾಲಕನೊಬ್ಬನ ತಾಯಿ ತೀರಿಕೊಂಡಾಗ ಹೆಂಡತಿಗೆ ತಿಳಿಯದಂತೆ ಶಾಲೆಯ ಡಬ್ಬಿಗೆ ಕೈ ಹಾಕಿದ. ಸೆರ್ವಾ ಕೂಗಾಡಲಿಲ್ಲ. ಬೇರೆ ಡಬ್ಬಿಯಿಂದ ತೆಗೆದು ತುಂಬಿಸಲೂ ಇಲ್ಲ. ಶುಲ್ಕ ಕಟ್ಟಿಲ್ಲವೆಂದು ದೊಡ್ಡ ಮಗಳನ್ನು ಶಾಲೆಯಿಂದ ಮನೆಗೆ ಕಳಿಸಿದಾಗ, “ಮುಚ್ಚಳ ತೆಗೆದೋರೇ ಹೋಗಿ ಮೇಡಮ್ಮಿಗೆ ಉತ್ತರ ಕೊಡಿ,” ಎಂದಳು. ಅವನು ಹೋಗಿ ತಲೆತಗ್ಗಿಸಿ ನಿಂತು ಬಂದ. ಭಾನುವಾರವೂ ಬಸ್ಸು ಓಡಿಸಿ ಆ ಹಣ ತುಂಬಿಸಿದ. ಆಮೇಲೆ ಡಬ್ಬಿಗಳನ್ನು ತಾನಾಗಿಯೇ ತಂದು ನನ್ನ ಅಂಗಡಿಯ ಬೀರುವಿನಲ್ಲಿಟ್ಟು, “ನಾನು ಕೇಳಿದ್ರೂ ಕೊಡಬೇಡ ಕೊನಾಡಕ್ಕ,” ಎಂದ. ಗಂಡಸು ಇಷ್ಟು ದಾರಿಗೆ ಬಂದನಲ್ಲ ಎಂದು ನನಗೆ ಸಂತೋಷವಾಯಿತು.

ಆ ಸಂತೋಷ ಉಳಿಯಲಿಲ್ಲ. ಅಡೊಮಾಕೊ ಮಾವ ಬಂದರು.

ಅಡೊಮಾಕೊ ಎಂದರೆ ಫೋಫಿಯೆ ಅಜ್ಜಿಯ ತಮ್ಮ, ಅವರ ಕುಲದ ಯಜಮಾನ. ನಮ್ಮಲ್ಲಿ ಸತ್ತವರು ತಾಯಿಯ ಕುಲಕ್ಕೆ ಸೇರಿದವರು. ಹೆಂಡತಿಯಾಗಲಿ ಸೊಸೆಯಾಗಲಿ ಸಾವಿನ ಕಾರ್ಯದ ವಿಷಯದಲ್ಲಿ ಮಾತಾಡುವಂತಿಲ್ಲ. ಮಾವ ಬಡಗಿಯಿಂದ ಮಾಡಿಸಿದ ಒಂದು ಮರದ ಪೆಟ್ಟಿಗೆಯನ್ನು ಕಂಕುಳಲ್ಲಿ ಹಿಡಿದು ತಂದಿದ್ದರು. ಸುತ್ತಲೂ ಮೊಳೆ ಹೊಡೆದಿತ್ತು, ಮೇಲೆ ಹಣ ಹಾಕಲು ಒಂದು ಸೀಳು. ಅಜ್ಜಿ ಒಳಗೆ ಮಲಗಿದ್ದರಿಂದ ಅಂಗಳದಲ್ಲೇ ತಗ್ಗಿದ ದನಿಯಲ್ಲಿ ಮಾತು ತೆಗೆದರು.

“ಮೇಲಿನ ಬೀದಿ ಅಪ್ರಾಕು ಮನೆಯೋರು ಅವರ ಮುದುಕಿ ಸತ್ತಾಗ ಏನು ಮಾಡಿದ್ರು ನೋಡಿದ್ಯಾ ಓವುಸು? ತಯಾರಿ ಮುಗಿಯೋವರೆಗೂ ಮೂರು ತಿಂಗಳು ಹೆಣ ಆಸ್ಪತ್ರೆ ಶೀತದ ಕೋಣೇಲಿಟ್ಟು, ಮನೆಗೆ ಬಣ್ಣ ಹೊಡೆಸಿ, ಎರಡು ಬ್ಯಾಂಡು ತರಿಸಿದ್ರು. ನಾಳೆ ನಮ್ಮಕ್ಕ ಹೋದ್ರೆ ನಾವೇನು ತಮಟೆ ಬಡಕೊಂಡು ಹೋಗೋದಾ? ಪ್ರತಿ ಶುಕ್ರವಾರ ಈ ಪೆಟ್ಟಿಗೆಗೆ ಬೀಳಬೇಕು. ಕುಲದಲ್ಲಿ ತೀರ್ಮಾನ ಆಗಿದೆ.”

ಸೆರ್ವಾ ಮೆಲ್ಲಗೆ, “ಮಾವ, ಅತ್ತೆಗೆ ಕಣ್ಣು ಮಂಜಾಗ್ತಿದೆ. ಕುಮಾಸಿ ಕಣ್ಣಾಸ್ಪತ್ರೆಗೆ ಬೇಗ ಕರ್ಕೊಂಡು ಹೋಗಿ ಅಂತ ನರ್ಸಮ್ಮ ಹೇಳಿದ್ದಾರೆ. ಹಾಕೋದಾದ್ರೆ ಮೊದಲು ಅದಕ್ಕೆ ಹಾಕೋಣ. ಎರಡಕ್ಕೂ ನಮ್ಮ ಕೈಲಾಗಲ್ಲ,” ಎಂದಳು.

“ವಯಸ್ಸಾದೋರಿಗೆ ಕಣ್ಣು ಮಂಜಾಗದೆ ಇನ್ನೇನು ಹೊಳೀತವಾ? ಅದೇನು ಊರೋರಿಗೆ ಕಾಣೋ ವಿಷಯಾನಾ? ಸಾವಿನಲ್ಲಿ ಮರ್ಯಾದೆ ಹೋದ್ರೆ ಕಾಣುತ್ತೆ. ನೀನು ಬೇರೆ ಕುಲದವಳು, ಅನ್ನದ ಪಾತ್ರೆ ನೋಡ್ಕೊ ಹೋಗಮ್ಮ.”

ಓವುಸು ಹೆಂಡತಿಯ ಮುಖ ನೋಡಲಿಲ್ಲ. ಪೆಟ್ಟಿಗೆಯನ್ನು ತೆಗೆದುಕೊಂಡು ಒಳಗೆ ಹೋಗಿ ಅಜ್ಜಿಯ ಮಂಚದ ಪಕ್ಕದ ಹಲಗೆಯ ಮೇಲಿಟ್ಟ.

“ಅದೇನೋ ಅದು?” ಎಂದಿತು ಅಜ್ಜಿ.

“ನಿನ್ನ ಪೆಟ್ಟಿಗೆಯಮ್ಮ.”

ಹಣವಿಡುವುದಕ್ಕೂ ಹೆಣವಿಡುವುದಕ್ಕೂ ನಮ್ಮ ಮಾತಿನಲ್ಲಿ ಅದೊಂದೇ ಶಬ್ದ. ಹಿರಿಯರ ಎದುರು ಅವರ ಸಾವಿನ ಸುದ್ದಿ ಎತ್ತುವುದು ಮಹಾ ಅಪಚಾರ; ಹಾಗಾಗಿ ಯಾರೂ ಬಿಡಿಸಿ ಹೇಳಲಿಲ್ಲ. ಅಜ್ಜಿ ಎರಡೂ ಕೈಗಳಿಂದ ಪೆಟ್ಟಿಗೆಯನ್ನು ಸವರಿ, ಸೀಳಿನೊಳಗೆ ಬೆರಳಾಡಿಸಿ ನಕ್ಕಿತು. ತನ್ನ ಕಣ್ಣಿನ ಚಿಕಿತ್ಸೆಗೆ ಮಗ ಹಣ ಕೂಡಿಡುತ್ತಿದ್ದಾನೆ ಎಂದುಕೊಂಡಿತು.

ಅಂದಿನಿಂದ ಮನೆಯ ಲೆಕ್ಕಾಚಾರವೆಲ್ಲ ತಲೆಕೆಳಗಾಯಿತು. ಹಾಲುಪುಡಿ ಡಬ್ಬಿಗಳಿಗೆ ಬೀಳುವುದು ಕಡಿಮೆಯಾಗಿ, ಪೆಟ್ಟಿಗೆಗೆ ದೊಡ್ಡ ಪಾಲು ಹೋಯಿತು. ಊಟದ ಡಬ್ಬಿಯಿಂದ ಮೀನು ಹೋಯಿತು, ಆಮೇಲೆ ಮೊಟ್ಟೆ ಹೋಯಿತು. ಆದರೆ ಶುಕ್ರವಾರ ಸಂಜೆ ತಪ್ಪಲಿಲ್ಲ.

“ನನ್ನ ಪೆಟ್ಟಿಗೆಗೆ ಹಾಕಿದ್ಯೇನೇ ಹುಡುಗಿ?”

“ಹಾಕಿದೆ ಅತ್ತೆ.”

“ತಡಿ, ನಂದೂ ಒಂದಿಷ್ಟಿದೆ.”

ಅಜ್ಜಿ ನೆರೆಹೊರೆಯವರಿಗೆ ಕಡಲೆಕಾಯಿ ಸುಲಿದುಕೊಟ್ಟು ಗಳಿಸಿದ ಚಿಲ್ಲರೆಯನ್ನು ಸೆರಗಿನ ಗಂಟಿನಿಂದ ಬಿಚ್ಚಿ, ತಡವಿಕೊಂಡು ಒಂದೊಂದೇ ನಾಣ್ಯ ಹಾಕುತ್ತಿತ್ತು. ಸೆರ್ವಾ ಹೊರಗೆ ಬಂದು ನನ್ನ ಮುಂದೆ ಕೂತು ಅಳುತ್ತಿದ್ದಳು. “ತನ್ನ ಹೆಣಕ್ಕೆ ತಾನೇ ಚಂದಾ ಹಾಕ್ತಿದ್ದಾಳೆ ಅಕ್ಕಾ, ನಾನು ನಿಂತು ನೋಡ್ತಿದೀನಿ.” ನಾನೂ ಅಜ್ಜಿಗೆ ನಿಜ ಹೇಳಲು ಹೋಗಲಿಲ್ಲ. ಅಪಚಾರದ ಮಾತು ನಾನೇಕೆ ಆಡಲಿ ಎಂದು ಎಲ್ಲರೂ ಅಂದುಕೊಂಡರೆ ಹೀಗೇ ಆಗುವುದು.

ವರ್ಷ ಕಳೆಯುವುದರೊಳಗೆ ಅಜ್ಜಿಗೆ ಬೆಳಕು ಬಿಟ್ಟರೆ ಬೇರೇನೂ ಕಾಣದಾಯಿತು. ಒಂದು ಬೆಳಗ್ಗೆ ಬಚ್ಚಲಿಗೆಂದು ಹೊರಟದ್ದು ದಾರಿ ತಪ್ಪಿ ರಸ್ತೆಯ ಬದಿಯ ತೆರೆದ ಚರಂಡಿಗೆ ಬಿತ್ತು. ನಾವು ಎತ್ತಿ ತಂದಾಗ ಮೊಣಕಾಲಿನ ಚರ್ಮ ಕಿತ್ತುಹೋಗಿತ್ತು, ಉಟ್ಟ ಬಟ್ಟೆಯೆಲ್ಲ ಕೊಳಚೆ. ಸೆರ್ವಾ ತೊಳೆದು ಕೂರಿಸಿದ ಮೇಲೆ ಅಜ್ಜಿ ಮಗನನ್ನು ಕರೆಯಿತು.

“ಸಾಕು ಕಣೋ. ಪೆಟ್ಟಿಗೆ ಈಗ ಚೆನ್ನಾಗಿ ಭಾರವಾಗಿದೆ, ನಾನೇ ಎತ್ತಿ ನೋಡಿದ್ದೀನಿ. ಒಡೆದುಬಿಡು. ಕುಮಾಸಿಗೆ ಹೋಗೋಣ.”

ಓವುಸು ಮಾವನಿಗೆ ಸುದ್ದಿ ಕಳಿಸಿದ. ಮಾವ ಮರುದಿನವೇ ಕುಲದ ಇಬ್ಬರು ಹಿರಿಯರನ್ನು ಕಟ್ಟಿಕೊಂಡು ಬಂದು ಅಂಗಳದಲ್ಲಿ ಕುರ್ಚಿ ಹಾಕಿಸಿ ಕೂತರು. ವಠಾರದವರೆಲ್ಲ ತಮ್ಮ ತಮ್ಮ ಬಾಗಿಲಲ್ಲಿ ನಿಂತೆವು.

“ಅಕ್ಕ, ಆ ಪೆಟ್ಟಿಗೆ ಅದಕ್ಕಲ್ಲ,” ಎಂದರು ಮಾವ.

“ನಂದಲ್ವಾ?”

“ನಿಂದೇ.”

“ಮತ್ತೆ ಯಾತಕ್ಕೆ?”

ಮೂವರು ಹಿರಿಯರೂ ಒಬ್ಬರ ಮುಖ ಒಬ್ಬರು ನೋಡಿದರು. ಓವುಸು ನೆಲ ನೋಡಿದ. ಅಜ್ಜಿ ತಲೆಯನ್ನು ಅತ್ತಿತ್ತ ತಿರುಗಿಸುತ್ತ ಉತ್ತರಕ್ಕೆ ಕಾದಿತ್ತು. ಕೊನೆಗೆ ಅಡುಗೆ ಒಲೆಯ ಹತ್ತಿರದಿಂದ ಸೆರ್ವಾ ಎದ್ದು ಬಂದು ಅತ್ತೆಯ ಮುಂದೆ ಮಂಡಿಯೂರಿದಳು.

“ಅತ್ತೆ, ತಪ್ಪು ತಿಳೀಬೇಡಿ. ಅದು ನಿಮ್ಮ ಸಾವಿಗೆ ಇಟ್ಟಿರೋ ದುಡ್ಡು. ನಿಮ್ಮ ಕಣ್ಣಿಗೆ ಅಂತ ಯಾರೂ ಒಂದು ಪೈಸೆ ಎತ್ತಿಟ್ಟಿಲ್ಲ.”

“ಬಾಯಿ ಮುಚ್ಚೇ! ನಾಲಿಗೇಲಿ ಏನು ಬರ್ತಿದೆ ಗೊತ್ತಾ ನಿನಗೆ?” ಮಾವ ಕುರ್ಚಿಯಿಂದ ಎದ್ದರು. “ನೋಡು ಓವುಸು, ಹೆತ್ತ ತಾಯಿ ಸಾವು ಬಯಸೋ ಹೆಂಗಸನ್ನ ಮನೇಲಿಟ್ಕೊಂಡಿದ್ದೀಯ.”

“ನೀನು ಕೂತ್ಕೊ ಅಡೊಮಾಕೊ,” ಎಂದಿತು ಅಜ್ಜಿ. ದನಿ ಏರಿಸಲಿಲ್ಲ. ಆಮೇಲೆ ಕೇಳಿತು: “ಏನೇನು ಮಾಡಬೇಕು ಅಂತಿದ್ದೀರಿ? ಹೇಳಿ, ಕೇಳೋಣ.”

ಮಾವನಿಗೆ ಕಸಿವಿಸಿಯಾಯಿತು. ಆದರೆ ಬಹಳ ದಿನದಿಂದ ಮನಸ್ಸಿನಲ್ಲಿ ಕಟ್ಟಿದ್ದ ಮೆರವಣಿಗೆ, ಹೇಳುತ್ತ ಹೇಳುತ್ತ ಉತ್ಸಾಹವೇ ಬಂತು. “ಹಿತ್ತಾಳೆ ಹಿಡಿಯ ಪೆಟ್ಟಿಗೆ ಅಕ್ಕ, ಒಳಗೆಲ್ಲ ಬಿಳೀ ರೇಷ್ಮೆ. ದೊಡ್ಡ ಶಾಮಿಯಾನ. ಬ್ಯಾಂಡು. ಸರ್ಕಲಿನಲ್ಲಿ ಆಳೆತ್ತರದ ನಿನ್ನ ಫೋಟೊ. ಮನೆಗೆ ಮುಂದುಗಡೆಯೆಲ್ಲ ಹೊಸ ಬಣ್ಣ.”

“ಬಣ್ಣ ಯಾವುದು?”

“ಹಳದಿ.”

“ನಾನು ನೋಡ್ತೀನಾ?”

ಮಾವ ಹೆಗಲ ಬಟ್ಟೆ ಸರಿಮಾಡಿಕೊಂಡರು. ಅಜ್ಜಿಯೇ ಮುಂದುವರಿಸಿತು.

“ನನ್ನ ಸಾವಿಗೆ ಈ ಮನೇಲಿ ಪಾಲಿದೆ. ಅಂಗಡಿಗೆ ಪಾಲಿದೆ, ಮಕ್ಕಳಿಗೆ ಪಾಲಿದೆ, ಕರೆಂಟಿಗೂ ಪಾಲಿದೆ. ನನಗೊಬ್ಬಳಿಗೆ ಇಲ್ಲ. ಚರಂಡೀಲಿ ಬಿದ್ದಿದ್ದು ನನ್ನ ಹೆಣ ಅಲ್ಲ ಕಣೋ ಅಡೊಮಾಕೊ, ನಾನು. ಪೆಟ್ಟಿಗೆ ಒಡೀರಿ. ನಾನು ಸತ್ತರೆ ಅದೇ ವಾರ ಮಣ್ಣು ಮಾಡಿ. ಇರೋ ಬಟ್ಟೆ ಉಡಿಸಿ. ಬ್ಯಾಂಡು ಬೇಡ. ಬಂದೋರಿಗೆ ನೀರು ಕೊಡಿ, ಸಾಕು. ಇಷ್ಟು ಜನರೆದುರು ಹೇಳ್ತಿದೀನಿ, ಆಮೇಲೆ ಯಾರೂ ಅಕ್ಕ ಹಾಗಂದಿರಲಿಲ್ಲ ಅನ್ನಬೇಡಿ.”

ಮಾವನ ಮುಖ ಕೆಟ್ಟಿತು. ಓವುಸುವಿನ ಕಡೆ ತಿರುಗಿ, “ಆ ಪೆಟ್ಟಿಗೆಗೆ ಕೈ ಹಾಕಿದ್ರೆ ಕುಲಕ್ಕೂ ನಿನಗೂ ಸಂಬಂಧ ಮುಗೀತು. ನಾಳೆ ನಿನ್ನಮ್ಮ ಹೋದ್ರೆ ಹೊರೋದಕ್ಕೆ ನಮ್ಮಲ್ಲಿ ಒಬ್ಬನೂ ಬರಲ್ಲ. ಯೋಚನೆ ಮಾಡು,” ಎಂದರು.

ನಮ್ಮವರಿಗೆ ಇದಕ್ಕಿಂತ ದೊಡ್ಡ ಬೆದರಿಕೆಯಿಲ್ಲ. ಓವುಸು ಹೊರಗೆ ನಿಲ್ಲಿಸಿದ್ದ ಬಸ್ಸಿನ ಕಡೆ ನಡೆದ. ಓಡಿಹೋಗುತ್ತಾನೆ ಎಂದೇ ನಾನು ತಿಳಿದೆ. ಅವನು ಚಕ್ರ ಬಿಚ್ಚುವ ಪಾನಾ ತೆಗೆದುಕೊಂಡು ವಾಪಸ್ಸು ಬಂದ. ಒಳಗಿಂದ ಪೆಟ್ಟಿಗೆ ತಂದು ಅಮ್ಮನ ಕಾಲಬುಡದಲ್ಲಿಟ್ಟು ಎರಡೇ ಏಟಿಗೆ ಮುರಿದ.

“ಬರದಿದ್ರೆ ಬೇಡ ಮಾವ,” ಎಂದ. “ನಾನೂ ಸೆರ್ವಾನೂ ಇಬ್ಬರೇ ಹೊತ್ಕೊಂಡು ಹೋಗ್ತೀವಿ. ಅಮ್ಮ ತೆಳ್ಳಗಿದ್ದಾಳೆ.”

ಹಿರಿಯರು ಸರಕ್ಕನೆ ಎದ್ದು ಹೊರಟರು. “ಅಡೊಮಾಕೊ, ಸಾವಿಗೆ ಬರಬೇಡ. ಈಗ ಬಂದಿದ್ದೀಯಲ್ಲ, ಒಂದು ತುತ್ತು ಉಂಡು ಹೋಗು,” ಎಂದು ಅಜ್ಜಿ ಕೂಗಿತು. ಅವರು ತಿರುಗಿ ನೋಡಲಿಲ್ಲ. ಅಲ್ಲಿಂದೀಚೆಗೆ ಆ ಕುಲದವರು ಯಾರೂ ಈ ಮನೆಯ ಹೊಸಿಲು ತುಳಿದಿಲ್ಲ.

ಕುಮಾಸಿಗೆ ನಾನೂ ಜೊತೆಗೆ ಹೋಗಿದ್ದೆ. ಡಾಕ್ಟರು ತುಂಬ ಹೊತ್ತು ಪರೀಕ್ಷೆ ಮಾಡಿ, ಎಡಗಣ್ಣಿನ ಪೊರೆ ತೆಗೆಯಬಹುದು, ಬಲಗಣ್ಣು ಒಳಗಿನ ಒತ್ತಡದಿಂದ ಪೂರ್ತಿ ಹೋಗಿದೆ, ಇನ್ನು ಬರುವುದಿಲ್ಲ ಎಂದರು. “ಹೋದ ವರ್ಷವೇ ಕರ್ಕೊಂಡು ಬಂದಿದ್ರೆ ಎರಡೂ ಉಳೀತಿತ್ತು,” ಎಂದೂ ಹೇಳಿದರು. ಹೋದ ವರ್ಷ ಎಂದರೆ ಪೆಟ್ಟಿಗೆ ಮನೆಗೆ ಬಂದ ವರ್ಷ. ಸೆರ್ವಾ, ತಿಂಗಳು ತಿಂಗಳು ಹಾಕಬೇಕಾದ ಹನಿ ಔಷಧಿಗೆ ಎಷ್ಟಾಗುತ್ತದೆ ಎಂದು ಕೇಳಿಕೊಂಡಳು. ಈಗ ಅದಕ್ಕೊಂದು ಡಬ್ಬಿಯಿದೆ, ಅದಕ್ಕೆ ತುಂಬಿದ ಮೇಲೆಯೇ ಉಳಿದವಕ್ಕೆ.

ಶಸ್ತ್ರಚಿಕಿತ್ಸೆಯ ಮರುದಿನ ನರ್ಸು ಕಟ್ಟು ಬಿಚ್ಚಿದಾಗ ನಾವು ಮೂವರೂ ಮಂಚದ ಸುತ್ತ ನಿಂತಿದ್ದೆವು. ಅಜ್ಜಿ ಮೊದಲು ಕಿಟಕಿಯ ಕಡೆ ನೋಡಿತು. ಆಮೇಲೆ ಸೆರ್ವಾಳನ್ನು ನೋಡಿ ಅವಳ ಕೆನ್ನೆ ಮುಟ್ಟಿ, “ಬಡವಾಗಿದ್ದೀಯಲ್ಲೇ,” ಎಂದಿತು. ಓವುಸು ಹಿಂದೆ ಸರಿದು ನಿಂತಿದ್ದ. ಅವನನ್ನು ಹತ್ತಿರ ಕರೆದು ತಲೆ ಬಗ್ಗಿಸಲು ಹೇಳಿ, ಕೂದಲಲ್ಲಿ ಕೈಯಾಡಿಸಿ ಬಹಳ ಹೊತ್ತು ನೋಡಿತು.

“ನಿನ್ನ ತಲೆ ಯಾವಾಗ ಬೆಳ್ಳಗಾಯ್ತೋ ಮಗನೇ? ನನಗೆ ಯಾರೂ ಹೇಳಲೇ ಇಲ್ಲವಲ್ಲ.”

ಓವುಸು ಅಲ್ಲೇ ನೆಲದ ಮೇಲೆ ಕುಸಿದು ಕೂತು, ಸಾವಿನ ಮನೆಯಲ್ಲಿ ಅಳುವ ಹಾಗೆ ಅತ್ತ. ಅಜ್ಜಿ ಬದುಕಿತ್ತು, ಅವನು ಅಳುವುದನ್ನು ಒಂದೇ ಕಣ್ಣಿನಲ್ಲಿ ನೋಡುತ್ತಿತ್ತು.