ಕುರ್ಚಿ ಎಣಿಸಿದ ಬುಧವಾರ

ವಿಜೇತಾಳ ಮನೆಯೊಳಗೆ ಕಾಲಿಟ್ಟವರೇ ರತನ್ ಮಾಸ್ಟ್ರು ಮೊದಲು ಕುರ್ಚಿ ಎಣಿಸಿದರು. ಎಂಟು. ಕಿಟಕಿಯ ಬದಿಯಿಂದ ಶುರುವಾದರೆ ಐದನೆಯದು ಹೆಂಡತಿ ಹರಿಣಾಕ್ಷಿಯದು, ಆರನೆಯದು ತಮ್ಮದು. ಹಾಗಾದರೆ ತಮ್ಮ ಪಾಲಿಗೆ ಬೈಬಲಿನ ಅಧ್ಯಾಯದ ಆರನೆಯ ವಚನ. ಮಧ್ಯಾಹ್ನವಿಡೀ ಬಾಯಿಪಾಠ ಮಾಡಿದ್ದೂ ಅದನ್ನೇ. ಸ್ವಲ್ಪ ಉಸಿರು ಬಂತು.

ಬ್ರಹ್ಮಾವರದ ಸುತ್ತಮುತ್ತಲ ಎಂಟು ಮನೆಗಳಲ್ಲಿ ಸರದಿಯ ಮೇಲೆ ನಡೆಯುವ ಬುಧವಾರದ ಸತ್ಯವೇದ ಅಧ್ಯಯನವನ್ನು ಇಪ್ಪತ್ತೆರಡು ವರ್ಷದಿಂದ ನಡೆಸುತ್ತಿರುವವರು ಅವರೇ. ನಿಯಮಗಳೂ ಅವರವೇ. ಕೂತ ಸಾಲಿನಲ್ಲೇ ಒಬ್ಬರಿಗೆ ಒಂದೇ ವಚನ. ಬರೀ ಹೆಸರಿನ ಪಟ್ಟಿ ಎಂದು ಯಾವ ಅಧ್ಯಾಯವನ್ನೂ ಹಾರಿಸುವಂತಿಲ್ಲ. ಒಬ್ಬರ ವಚನವನ್ನು ಇನ್ನೊಬ್ಬರು ಓದುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಬಾಯಿಪಾಠ ಒಪ್ಪಿಸುವಂತಿಲ್ಲ, ಪುಸ್ತಕ ನೋಡಿಯೇ ಓದಬೇಕು. ಶಾಲೆಯಿಂದ ನಿವೃತ್ತರಾದರೂ ಮಾಸ್ಟ್ರತನ ನಿವೃತ್ತಿ ತೆಗೆದುಕೊಂಡಿರಲಿಲ್ಲ.

ಕಳೆದ ವರ್ಷ ತಲೆಯಲ್ಲಿ ಒಂದು ಸಣ್ಣ ನರ ಕೈಕೊಟ್ಟಿತು. ಎರಡೇ ತಿಂಗಳಲ್ಲಿ ಕೈ ಬಂತು, ಕಾಲು ಬಂತು, ಮಾತೂ ಬಂತು. ಅಕ್ಷರ ಮಾತ್ರ ಬರಲಿಲ್ಲ. ಕಣ್ಣಿಗೇನೂ ಆಗಿಲ್ಲ, ಓದುವ ಜಾಗಕ್ಕೇ ಪೆಟ್ಟು ಬಿದ್ದಿದೆ ಎಂದರು ಡಾಕ್ಟರು. ತಮ್ಮ ಹೆಸರನ್ನು ತಾವೇ ಚಂದವಾಗಿ ಬರೆಯುತ್ತಾರೆ, ಮರುಗಳಿಗೆ ಅದನ್ನು ಓದಲಾರರು. ಆದರೂ ಬೆಳಿಗ್ಗೆ ಐದಕ್ಕೆದ್ದು ಸತ್ಯವೇದ ಬಿಡಿಸಿ ಕೂರುತ್ತಾರೆ. ಎಳವೆಯಿಂದ ಒಂದು ದಿನವೂ ತಪ್ಪದ ಅಭ್ಯಾಸ. ಪುಟದ ತುಂಬ ಇರುವೆ ಸಾಲು. ಒಂದು ಗಂಟೆ ಅದನ್ನೇ ನೋಡಿ, ಪುಟ ಮಗುಚಿ, ಮುಚ್ಚಿಡುತ್ತಾರೆ. ಆ ಒಂದು ಗಂಟೆಯಷ್ಟು ದುಃಖ ಅವರಿಗೆ ಆಸ್ಪತ್ರೆಯಲ್ಲೂ ಆಗಿರಲಿಲ್ಲ.

ಇದು ಗೊತ್ತಿದ್ದದ್ದು ಹರಿಣಾಕ್ಷಿಗೆ ಮಾತ್ರ. ಬುಧವಾರ ಮಧ್ಯಾಹ್ನ ಅವಳು ಓದಿ ಹೇಳುವುದು, ಇವರು ಕಂಠಪಾಠ ಮಾಡುವುದು. ಈ ಸಲ ಯೆರೂಸಲೇಮಿನ ಗೋಡೆಯ ಯಾವ ತುಂಡನ್ನು ಯಾರು ಕಟ್ಟಿದರು ಎಂಬ ಅಧ್ಯಾಯ. ಬರೀ ಹೆಸರುಗಳು, ನಾಲಿಗೆಗೆ ಸಿಕ್ಕದಂಥವು.

"ಹ್ವಾಯ್, ಎಲ್ಲರಿಗೂ ಹೇಳ್ಬಿಡಿ. ಕಾಯಿಲಿ ಅಲ್ದಾ? ನೀವ್ ಎಂತ ಕಳ್ತನ ಮಾಡಿದ್ರ್ಯಾ?" ಎಂದಿದ್ದಳು ಅವಳು.

"ಸುಮ್ನಿರ್. ಇನ್ನೊಂದ್ ಸಲ ಓದ್," ಎಂದಿದ್ದರು ಮಾಸ್ಟ್ರು.

ಹೇಳುವುದು ಹೇಗೆ? ಅದೂ ಈ ಮನೆಯಲ್ಲಿ? ವಿಜೇತಾಳ ತಾಯಿ ಬಾಗಿಗೆ ಅಕ್ಷರ ಗೊತ್ತಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಇದೇ ಕೋಣೆಯಲ್ಲಿ, ಪುಸ್ತಕವನ್ನು ತಲೆಕೆಳಗಾಗಿ ಹಿಡಿದುಕೊಂಡು ತನ್ನ ವಚನವನ್ನು ಗಿಳಿಯಂತೆ ಹೇಳಿ ಮುಗಿಸಿದ್ದಳು. ಮಾಸ್ಟ್ರು ಎಲ್ಲರೆದುರು ಪುಸ್ತಕ ತಿರುಗಿಸಿ ಕೊಟ್ಟು, "ಅಕ್ಷರ ಕಲ್ತ್ ಬನ್ನಿ, ಬಾಗಿಯಕ್ಕ," ಎಂದಿದ್ದರು. ಬಾಗಿ ಮತ್ತೆಂದೂ ಬರಲಿಲ್ಲ. ತನ್ನ ಮನೆಯಲ್ಲೇ ಕೂಟವಾದರೂ ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ಹೋದ ವರ್ಷ ತೀರಿಕೊಂಡಳು.

ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದ್ದಾಗ ಬಾಗಿಲು ಕಿರ್ ಎಂದಿತು. ಕಣ್ಣು ಬಿಟ್ಟರೆ, ಕೂಟಕ್ಕೆ ಅಪರೂಪಕ್ಕೊಮ್ಮೆ ಬರುವ ಮನೀಷ್, ಕುಂದಾಪುರದ ಬಸ್ಸಿಳಿದು ಬಂದವನು, ಕಿಟಕಿಯ ಬದಿಗೆ ಸ್ಟೂಲು ಎಳೆದು ಕೂತಿದ್ದ. ನೀನು ಕೊನೆಗೆ ಓದು ಎನ್ನಲು ಮಾಸ್ಟ್ರು ಬಾಯಿ ತೆರೆಯುವಷ್ಟರಲ್ಲಿ ಅವನು ಮೊದಲ ವಚನ ಶುರುಮಾಡಿಯೂ ಆಗಿತ್ತು.

ಆರನೆಯದು ಈಗ ಹರಿಣಾಕ್ಷಿಯ ಪಾಲಿಗೆ. ಏಳನೆಯದರ ಒಂದು ಪದವೂ ಮಾಸ್ಟ್ರಿಗೆ ಗೊತ್ತಿಲ್ಲ. ಎದ್ದು ನೀರಿಗೆ ಹೋಗಲೇ? ಕೆಮ್ಮಲೇ? ಅಷ್ಟರಲ್ಲಿ ಸರದಿ ಒಂದೊಂದೇ ಕುರ್ಚಿ ದಾಟಿ ಹತ್ತಿರ ಬಂತು. ಹರಿಣಾಕ್ಷಿ ಗಂಡನ ಮುಖವನ್ನೊಮ್ಮೆ ನೋಡಿದಳು. ಹಳೇ ಬಾಗಿಲಿಗೆ ತೊಲೆ ಇಟ್ಟವರ, ಕದ ನಿಲ್ಲಿಸಿದವರ ಹೆಸರನ್ನು ಎಷ್ಟು ನಿಧಾನವಾಗಿ ಓದಿದಳೆಂದರೆ ಮನೀಷ್ ತಲೆಯೆತ್ತಿ ನೋಡಿದ. ಎಷ್ಟು ಎಳೆದರೂ ಒಂದು ವಚನ ಮುಗಿಯಲೇಬೇಕಲ್ಲ.

ಮಾಸ್ಟ್ರು ಪುಸ್ತಕಕ್ಕೆ ಬಗ್ಗಿದರು. ಬಾಯಲ್ಲಿದ್ದದ್ದು ಒಂದೇ. ಅದೇ ಹೊರಗೆ ಬಂತು. ಅದೇ ಹಳೇ ಬಾಗಿಲು, ಅದೇ ತೊಲೆ, ಅದೇ ಕದ. ಅರ್ಧಕ್ಕೆ ನಿಲ್ಲಿಸಿದರು.

ಸಾಲು ತಪ್ಪಿತೇನೋ ಎಂದುಕೊಂಡು ಪಕ್ಕದ ವಿಜೇತಾ ಕೈ ಚಾಚಿ ಅವರ ಪುಟದ ಮೇಲೆ ಬೆರಳಿಟ್ಟಳು. "ಇಲ್ಲಿ, ಮಾಸ್ಟ್ರೆ. ಏಳನೇದ್."

ಬೆರಳು ಸ್ಪಷ್ಟವಾಗಿ ಕಾಣುತ್ತಿತ್ತು. ಉಗುರು ಕಾಣುತ್ತಿತ್ತು. ಅದರ ಕೆಳಗೆ ಇರುವೆಗಳು. ಇನ್ನು ಅಡಗಿಸಲು ಏನೂ ಉಳಿದಿರಲಿಲ್ಲ. ಮಾಸ್ಟ್ರಿಗೆ ಅಳು ಬಂತು.

"ನಂಗೆ ಓದುಕ್ ಆತಿಲ್ಲೆ," ಎಂದರು. "ಒಂದ್ ವರ್ಷ ಆಯ್ತ್. ಕುರ್ಚಿ ಎಣ್ಸಿ ಬಾಯಿಪಾಠ ಮಾಡ್ಕಂಡ್ ಬತ್ತಿದ್ದೆ."

ವಿಜೇತಾ ಬೆರಳು ತೆಗೆಯಲಿಲ್ಲ. ಸಿಟ್ಟೇನೂ ಇಲ್ಲದ ದನಿಯಲ್ಲಿ, "ಅಮ್ಮನೂ ಕುರ್ಚಿ ಎಣ್ಸ್ತಿದ್ರ್, ಮಾಸ್ಟ್ರೆ," ಎಂದಳು.

ಅಕ್ಷರ ಕಲ್ತ್ ಬನ್ನಿ ಎಂದಾದರೂ ಅವಳು ಹೇಳಿದ್ದರೆ ಚೆನ್ನಾಗಿತ್ತು. ಉಳಿದ ಎಂಟೂ ಜನ ಪುಸ್ತಕ ಬಿಡಿಸಿಕೊಂಡು ಕೂತೇ ಇದ್ದರು. ಏಳನೆಯ ವಚನವನ್ನು ಯಾರೂ ಓದಲಿಲ್ಲ. ಒಬ್ಬರದನ್ನು ಇನ್ನೊಬ್ಬರು ಓದಬಾರದು ಎಂದು ಕಲಿಸಿದ್ದು ಮಾಸ್ಟ್ರೇ ಅಲ್ಲವೇ?